ಇಮೇಲ್‌ಗೆ ಬೀಗ ಹಾಕಿದ ಕಥೆ: ಎಲ್ಲಿಯವರೆಗೆ ರಕ್ಷಣೆ, ಎಲ್ಲಿಂದ ನಮ್ಮ ಪಾಡು

ಸಣ್ಣ ಸಾಲ ಪಡೆದು ವಸೂಲಿಗಾರರ ಕಾಟಕ್ಕೆ ಸಿಕ್ಕ ಮಹಿಳೆಯರ ಸಂದರ್ಶನಗಳನ್ನು ಕನ್ನಡದಿಂದ ಇಂಗ್ಲಿಷಿಗೆ ತರುವ ಕೆಲಸ ಕಳೆದ ಚಳಿಗಾಲದಲ್ಲಿ ನನಗೆ ಸಿಕ್ಕಿತು. ಕೆಲಸ ಕೊಟ್ಟವರು ಜರ್ಮನಿಯ ಒಂದು ಸಂಶೋಧನಾ ತಂಡ. ಸಂದರ್ಶನ ಮಾಡಿದವರು ಗಂಗಾವತಿ, ಕಾರಟಗಿ, ಕುಷ್ಟಗಿ ಕಡೆಯ ನಮ್ಮವರೇ. 2025ರ ಫೆಬ್ರವರಿಯಲ್ಲಿ ರಾಜ್ಯ ಸರ್ಕಾರ ಬಲವಂತದ ವಸೂಲಿಯ ವಿರುದ್ಧ ಸುಗ್ರೀವಾಜ್ಞೆ ತಂದಾಗ ಪತ್ರಿಕೆಗಳಲ್ಲಿ ಓದಿದಂಥ ಸಂಗತಿಗಳೇ ಇಲ್ಲಿ ಹೆಸರು, ಊರು, ಓಣಿ ಸಮೇತ ಇದ್ದವು. ವಸೂಲಿಗೆ ಬರುವವನು ಹೆಚ್ಚಾಗಿ ಪಕ್ಕದ ಊರಿನವನು. ಯಾರು ಏನು ಹೇಳಿದರೆಂಬುದು ಅವನ ಕಿವಿಗೆ ಬಿದ್ದರೆ ಮುಂದೇನಾಗುತ್ತದೆ ಎಂಬುದನ್ನು ನಾನು ವಿವರಿಸಬೇಕಿಲ್ಲ.

ಒಪ್ಪಂದದ ಕರಡಿನಲ್ಲಿ ಒಂದು ಷರತ್ತಿತ್ತು. ಕಡತಗಳೆಲ್ಲ ಓಪನ್‌ಪಿಜಿಪಿ ವಿಧಾನದಲ್ಲಿ ಗೂಢಲಿಪೀಕರಿಸಿದ, ಅಂದರೆ ಕೀಲಿ ಇಲ್ಲದವರಿಗೆ ಓದಲಾಗದಂತೆ ಮಾಡಿದ, ಇಮೇಲ್ ಮೂಲಕವೇ ಬರಬೇಕು, ವಾಟ್ಸ್ಆ್ಯಪ್ ಬೇಡ, ಡ್ರೈವ್ ಕೊಂಡಿ ಬೇಡ. ಕೊಪ್ಪಳದಲ್ಲಿ ಕುಳಿತು ಇಪ್ಪತ್ತು ವರ್ಷ ಅನುವಾದ ಮಾಡಿದ ನನಗೆ ಈ ಷರತ್ತಿನ ತಲೆಬುಡ ತಿಳಿಯಲಿಲ್ಲ. ಕೇಳಿದವರೆಲ್ಲ ಬೇರೆ ಬೇರೆ ಹೇಳಿದರು. ಕಂಪ್ಯೂಟರನ್ನು ಟೈಪ್ ಮಾಡಲು ಮಾತ್ರ ಬಳಸುವ ನನ್ನಂಥವರಿಗೆ ಈ ಅಲೆದಾಟ ತಪ್ಪಲಿ ಎಂದು ನಡೆದದ್ದನ್ನು ನಡೆದ ಹಾಗೆ ಬರೆಯುತ್ತಿದ್ದೇನೆ.

ನನಗೆ ಮೊದಲು ಬಂದ ಪ್ರಶ್ನೆ ನಿಮಗೂ ಬರುತ್ತದೆ: ಜಿಮೇಲ್‌ನಲ್ಲಿ ಈಗಾಗಲೇ ಬೀಗದ ಗುರುತು ಇದೆಯಲ್ಲ? ಇದೆ. ಆದರೆ ಆ ಬೀಗ ಪತ್ರ ದಾರಿಯಲ್ಲಿರುವಾಗ ಮಾತ್ರ, ಒಂದು ಸರ್ವರಿನಿಂದ ಇನ್ನೊಂದಕ್ಕೆ ಹೋಗುವಷ್ಟು ಹೊತ್ತು. ತಲುಪಿದ ಮೇಲೆ ಅದನ್ನು ತೆರೆಯುವ ಕೀಲಿ ಕಂಪನಿಯ ಬಳಿ ಇರುತ್ತದೆ. ನಿಮ್ಮ ಪಾಸ್‌ವರ್ಡ್ ಕದ್ದವನಿಗೂ ಎಲ್ಲ ಹಳೆಯ ಪತ್ರಗಳು ತೆರೆದೇ ಇರುತ್ತವೆ. ಓಪನ್‌ಪಿಜಿಪಿಯಲ್ಲಿ ಹಾಗಲ್ಲ. ಅಲ್ಲಿ ಪ್ರತಿಯೊಬ್ಬರಿಗೂ ಎರಡು ಕೀಲಿ. ಸಾರ್ವಜನಿಕ ಕೀಲಿಯನ್ನು ಎಲ್ಲರಿಗೂ ಹಂಚಬಹುದು, ಖಾಸಗಿ ಕೀಲಿ ನಿಮ್ಮ ಯಂತ್ರ ಬಿಟ್ಟು ಹೊರಡಬಾರದು. ದೇವಸ್ಥಾನದ ಹುಂಡಿಯನ್ನು ನೆನೆಸಿಕೊಳ್ಳಿ. ಯಾರು ಬೇಕಾದರೂ ಹಾಕಬಹುದು, ತೆಗೆಯುವುದು ಕೀಲಿ ಇದ್ದವರಿಗೆ ಮಾತ್ರ ಸಾಧ್ಯ. ಹಾಕಿದವರಿಗೂ ಮತ್ತೆ ತೆಗೆಯಲಾಗದು. ಆದರೆ ಯಾರು ಬಂದರು, ಎಷ್ಟು ಹೊತ್ತಿಗೆ ಬಂದರು, ಎಷ್ಟು ಸಲ ಬಂದರು ಎಂಬುದನ್ನು ಗುಡಿಯ ಮುಂದೆ ಕುಳಿತವರು ನೋಡುತ್ತಲೇ ಇರುತ್ತಾರೆ. ಈ ಕೊನೆಯ ಮಾತು ಮುಂದೆ ಕೆಲಸಕ್ಕೆ ಬರುತ್ತದೆ.

ಕಂಪ್ಯೂಟರಿಗೆ ಮೊದಲು ಕಾಗದದ ಕೆಲಸ. ಗೌಪ್ಯತಾ ಒಪ್ಪಂದಕ್ಕೆ ಇ-ಸ್ಟಾಂಪ್ ಪೇಪರ್ ಬೇಕಿತ್ತು. ಅದನ್ನು ಪತ್ತಿನ ಸಹಕಾರ ಸಂಘದಲ್ಲಿ ಪಡೆದು ನೋಟರಿಯ ಬಳಿ ಹೋದೆ. ಆಧಾರ್ ಪ್ರತಿ, ಪ್ಯಾನ್ ಪ್ರತಿ, ಇಬ್ಬರು ಸಾಕ್ಷಿಗಳು. ವಕೀಲರು ಒಪ್ಪಂದವನ್ನು ಓದುತ್ತಾ ಓದುತ್ತಾ ಆ ಷರತ್ತಿನ ಬಳಿ ನಿಂತರು.

“ಇದು ಯಾವ ಕಂಪನಿಯದು ಮೇಡಂ?”

ಯಾವ ಕಂಪನಿಯದೂ ಅಲ್ಲ ಎಂದೆ. ಅಷ್ಟರಲ್ಲಿ ನಾನೂ ಸ್ವಲ್ಪ ಓದಿಕೊಂಡಿದ್ದೆ. 1991ರಲ್ಲಿ ಫಿಲ್ ಜಿಮರ್‌ಮನ್ ಎಂಬ ಅಮೆರಿಕದವರು ಪಿಜಿಪಿ ಎಂಬ ಗೂಢಲಿಪಿ ತಂತ್ರಾಂಶ ಬರೆದು ಹಂಚಿದರು. ಬಲವಾದ ಗೂಢಲಿಪಿಯನ್ನು ಅಲ್ಲಿನ ಕಾನೂನು ಆಗ ಯುದ್ಧಸಾಮಗ್ರಿಯ ಪಟ್ಟಿಯಲ್ಲಿ ಇಟ್ಟಿತ್ತು. ಅಕ್ರಮ ರಫ್ತು ಮಾಡಿದರೇ ಎಂದು ಅವರ ಮೇಲೆ 1993ರಿಂದ ತನಿಖೆ ನಡೆದು, 1996ರ ಜನವರಿಯಲ್ಲಿ ಯಾವ ಆರೋಪವೂ ಇಲ್ಲದೆ ಕೈಬಿಟ್ಟರು. 1998ರಲ್ಲಿ ಅದೇ ವಿಧಾನ ಓಪನ್‌ಪಿಜಿಪಿ ಎಂಬ ಮುಕ್ತ ಮಾನಕವಾಯಿತು. ಹಾಗಾಗಿ ಬೇರೆ ಬೇರೆ ತಂತ್ರಾಂಶಗಳು ಒಂದರ ಪತ್ರವನ್ನು ಇನ್ನೊಂದು ಬಿಡಿಸಬಲ್ಲವು. ವಕೀಲರು ಮೇಜಿನ ಖಾನೆಯಿಂದ ಡಿಜಿಟಲ್ ಸಹಿ ಹಾಕಲು ಬಳಸುವ ಪೆನ್‌ಡ್ರೈವ್‌ನಂಥ ತಮ್ಮ ಡಿಎಸ್‌ಸಿ ಟೋಕನ್ ತೆಗೆದು, “ನನ್ನ ಹತ್ತಿರ ಇದಿದೆ, ಇದು ಸಾಲದೇ?” ಎಂದರು. ಲೆಕ್ಕಪರಿಶೋಧಕರ ಬಳಿ ಕೆಲಸ ಮಾಡುವ ನನ್ನ ಅಳಿಯನೂ ಇದನ್ನೇ ಕೇಳಿದ್ದ. ಸಾಲದು. ಆ ಟೋಕನ್‌ನಲ್ಲಿರುವ ಪ್ರಮಾಣಪತ್ರ ಬೇರೆ ವ್ಯವಸ್ಥೆಗೆ ಸೇರಿದ್ದು, ಮತ್ತು ಇ-ಫೈಲಿಂಗ್‌ಗೆ ಕೊಡುವುದು ಸಹಿಗಾಗಿ. ಅದೇ ಬಗೆಯ ಪ್ರಮಾಣಪತ್ರಗಳಿಂದ ಎಸ್‌ಮೈಮ್ ಎಂಬ ವಿಧಾನದಲ್ಲಿ ಇಮೇಲ್ ಗೂಢಲಿಪೀಕರಿಸಬಹುದು ನಿಜ. ಆದರೆ ಎರಡೂ ಕಡೆಯವರು ಒಂದೇ ವಿಧಾನದಲ್ಲಿರಬೇಕು.

ವಕೀಲರು ಸಹಿ ಹಾಕುವ ಮುನ್ನ ಒಂದು ಎಚ್ಚರಿಕೆಯನ್ನೂ ಹೇಳಿದರು. ಮಾಹಿತಿ ತಂತ್ರಜ್ಞಾನ ಕಾಯ್ದೆಯ 69ನೇ ಕಲಮಿನಡಿ ಸರ್ಕಾರದ ಅಧಿಕೃತ ಸಂಸ್ಥೆ ಕಾನೂನುಬದ್ಧವಾಗಿ ಕೇಳಿದರೆ ಗೂಢಲಿಪಿಯನ್ನು ಬಿಡಿಸಿಕೊಡಲು ನೆರವಾಗಬೇಕು, ನಿರಾಕರಿಸಿದರೆ 7 ವರ್ಷದವರೆಗೆ ಸೆರೆವಾಸ ಆಗಬಹುದು. ಗೊತ್ತಿರಲಿ ಎಂದು ಬರೆದಿದ್ದೇನೆ, ಹೆದರಿಸಲು ಅಲ್ಲ.

ಇನ್ನು ಲ್ಯಾಪ್‌ಟಾಪ್. ತಂಡದವರು ಕಳಿಸಿದ ಪಟ್ಟಿಯಲ್ಲಿ ಮೊದಲ ಪ್ರಶ್ನೆಯೇ ಕಾರ್ಯಾಚರಣಾ ವ್ಯವಸ್ಥೆಗೆ ಭದ್ರತಾ ಅಪ್‌ಡೇಟ್ ಬರುತ್ತಿದೆಯೇ ಎಂಬುದು. ನನ್ನದು ವಿಂಡೋಸ್ 10. ಅದಕ್ಕೆ ಮೈಕ್ರೋಸಾಫ್ಟ್ ಕೊಡುತ್ತಿದ್ದ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿತ್ತು. ಯಂತ್ರ ಹಳೆಯದಾದ್ದರಿಂದ 11 ಹಾಕಲು ಬರುವುದಿಲ್ಲ. ಹೊಸದು ಕೊಂಡರೆ ಈ ಕೆಲಸದ ಸಂಭಾವನೆ ಅಲ್ಲಿಗಲ್ಲಿಗೆ. ಅಶೋಕ ವೃತ್ತದ ಬಳಿ ರಿಪೇರಿ ಅಂಗಡಿಯ ಹುಡುಗನೊಬ್ಬ ಐನೂರು ರೂಪಾಯಿಗೆ ಲಿನಕ್ಸ್ ಮಿಂಟ್ ಎಂಬ ಉಚಿತ ಕಾರ್ಯಾಚರಣಾ ವ್ಯವಸ್ಥೆ ಹಾಕಿಕೊಟ್ಟ, ಡಿಸ್ಕ್ ಪೂರ್ತಿ ಗೂಢಲಿಪೀಕರಿಸುವ ಆಯ್ಕೆಯನ್ನೂ ನನ್ನ ಮುಂದೆಯೇ ಗುರುತು ಹಾಕಿಸಿದೆ. ಲ್ಯಾಪ್‌ಟಾಪ್ ಕಳುವಾದರೆ ಕಾಯುವುದು ಇದೇ. ಆ ಪಾಸ್‌ವರ್ಡನ್ನು ಅವನ ಕೈಗೆ ಕೊಡದೆ ನಾನೇ ಟೈಪ್ ಮಾಡಿದೆ. ಕನ್ನಡ ಟೈಪಿಂಗ್ ಹೋಯಿತೆಂದು ಒಂದು ರಾತ್ರಿ ನಿದ್ದೆಗೆಟ್ಟದ್ದು ನಿಜ. ಬೆಳಿಗ್ಗೆ ನೋಡಿದರೆ ಕೀಲಿಮಣೆಯ ಪಟ್ಟಿಯಲ್ಲಿ ಕಗಪ ವಿನ್ಯಾಸ ಸಿಕ್ಕಿತು.

ಇಮೇಲ್ ತಂತ್ರಾಂಶವಾಗಿ ಥಂಡರ್‌ಬರ್ಡ್ ಆರಿಸಿಕೊಂಡೆ. 2020ರ 78ನೇ ಆವೃತ್ತಿಯಿಂದ ಅದರೊಳಗೇ ಓಪನ್‌ಪಿಜಿಪಿ ಇದೆ, ಬೇರೆ ಏನೂ ಜೋಡಿಸಬೇಕಿಲ್ಲ. ಗೂಢಲಿಪಿಯ ಕೆಲಸವನ್ನು ತಾನೇ ನೋಡಿಕೊಳ್ಳುವ ಇಮೇಲ್ ಸೇವೆ ಪ್ರೋಟಾನ್ ಮೇಲ್ ಸುಲಭವಲ್ಲವೇ ಎಂದು ಹಲವರು ಕೇಳಿದರು. ಇಬ್ಬರೂ ಪ್ರೋಟಾನ್‌ನಲ್ಲಿದ್ದರೆ ಖಂಡಿತ ಸುಲಭ, ಕೀಲಿಯ ತಾಪತ್ರಯವೇ ಕಾಣುವುದಿಲ್ಲ. ಆದರೆ ಅಲ್ಲಿಂದ ಸಾಮಾನ್ಯ ಜಿಮೇಲ್‌ಗೆ ಹಾಗೆಯೇ ಬರೆದ ಪತ್ರ ಸಾಮಾನ್ಯ ಪತ್ರವೇ. ಪ್ರೋಟಾನ್‌ನಿಂದ ಹೋದದ್ದೆಲ್ಲ ಗುಟ್ಟು ಎಂದು ನಂಬಿದವರು ನಮ್ಮ ನಡುವೆ ಬಹಳ ಜನರಿದ್ದಾರೆ.

ಥಂಡರ್‌ಬರ್ಡ್‌ನಲ್ಲಿ ಖಾತೆಯ ಸೆಟ್ಟಿಂಗ್‌ಗೆ ಹೋಗಿ ಎಂಡ್-ಟು-ಎಂಡ್ ಎನ್‌ಕ್ರಿಪ್ಷನ್ ಎಂಬಲ್ಲಿ ಹೊಸ ಕೀಲಿ ಸೃಷ್ಟಿಸಿ ಎಂದರೆ ಸಾಕು, ಚಹಾ ಆರುವುದರೊಳಗೆ ಮುಗಿಯುತ್ತದೆ. ಕೀಲಿಯ ಅವಧಿ ಮೂರು ವರ್ಷ ಎಂದು ಅದೇ ಸೂಚಿಸುತ್ತದೆ, ಹಾಗೆಯೇ ಬಿಡಿ, ಮುಂದೆ ವಿಸ್ತರಿಸಬಹುದು. ಆಮೇಲಿನ ಎರಡು ಕೆಲಸಗಳನ್ನು ಯಾರೂ ಹೇಳುವುದಿಲ್ಲ. ಒಂದು, ಪ್ರೈಮರಿ ಪಾಸ್‌ವರ್ಡ್. ಇದನ್ನು ನೀವಾಗಿ ಹಾಕದಿದ್ದರೆ ಲ್ಯಾಪ್‌ಟಾಪ್ ತೆರೆದು ಕುಳಿತ ಯಾರಿಗಾದರೂ ಎಲ್ಲ ಪತ್ರಗಳು ತಾವಾಗಿ ಬಿಚ್ಚಿಕೊಳ್ಳುತ್ತವೆ. ಎರಡು, ಖಾಸಗಿ ಕೀಲಿಯ ಪ್ರತಿ. ಅದನ್ನು ಪಾಸ್‌ವರ್ಡ್ ಸಹಿತ ಕಡತವಾಗಿ ಉಳಿಸಿ ಎರಡು ಪೆನ್‌ಡ್ರೈವ್‌ಗೆ ಹಾಕಿ, ಒಂದನ್ನು ಬೇರೆ ಮನೆಯಲ್ಲಿ ಇಡಿ. ಕೀಲಿ ಕಳೆದರೆ “ಪಾಸ್‌ವರ್ಡ್ ಮರೆತಿದ್ದೇನೆ” ಎಂದು ಒತ್ತುವ ಗುಂಡಿ ಎಲ್ಲೂ ಇಲ್ಲ. ಬಂದ ಪತ್ರಗಳೆಲ್ಲ ಶಾಶ್ವತವಾಗಿ ಮುಚ್ಚಿಹೋಗುತ್ತವೆ.

ಪಾಸ್‌ವರ್ಡನ್ನು ಕನ್ನಡ ಲಿಪಿಯಲ್ಲಿ ಇಡುವ ಆಸೆ ನನಗೂ ಇತ್ತು. ಬೇಡ. “ಕೊಪ್ಪಳ”ದ ಮೊದಲ ಅಕ್ಷರದ ಒಕಾರ ಕಂಪ್ಯೂಟರುಗಳು ಅಕ್ಷರಗಳಿಗೆ ಬಳಸುವ ಸಂಕೇತಪಟ್ಟಿಯಾದ ಯೂನಿಕೋಡ್‌ನಲ್ಲಿ ಒಂದೇ ಸಂಕೇತವಾಗಿಯೂ ದಾಖಲಾಗಬಹುದು, ಎರಡು ಸಂಕೇತಗಳಾಗಿಯೂ ದಾಖಲಾಗಬಹುದು. ಕಣ್ಣಿಗೆ ವ್ಯತ್ಯಾಸವಿಲ್ಲ, ಯಂತ್ರಕ್ಕೆ ಅವು ಬೇರೆ ಬೇರೆ ಪಾಸ್‌ವರ್ಡ್. ಒಂದಕ್ಕೊಂದು ಸಂಬಂಧವಿಲ್ಲದ ಆರೇಳು ಕನ್ನಡ ಪದಗಳನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಬರೆದುಕೊಂಡೆ. ಗಾದೆ, ವಚನದ ಸಾಲು, ಹಾಡಿನ ಪಲ್ಲವಿ ಬೇಡ. ನಿಮಗೆ ನೆನಪಿರುವುದು ಇನ್ನೊಬ್ಬರಿಗೂ ನೆನಪಿರುತ್ತದೆ.

ಸಾರ್ವಜನಿಕ ಕೀಲಿಯನ್ನು ಜರ್ಮನಿಗೆ ಕಳಿಸಿದೆ. ಉತ್ತರವಾಗಿ ಕ್ರಿಸ್‌ಮಸ್ ರಜೆಯ ಸ್ವಯಂಚಾಲಿತ ಪತ್ರ ಬಂತು. ಕಾದೆ. ಕಾಯುವಾಗ ಓದಿದ ಒಂದು ಸಂಗತಿ ಸಮಾಧಾನ ಕೊಟ್ಟಿತು. 1999ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ 12 ಮಂದಿಗೆ ಪಿಜಿಪಿ ಕೊಟ್ಟು, 90 ನಿಮಿಷದಲ್ಲಿ ಸಹಿ ಹಾಕಿ ಗೂಢಲಿಪೀಕರಿಸಿದ ಪತ್ರ ಕಳಿಸಿ ಎಂದರಂತೆ. ಸರಿಯಾಗಿ ಕಳಿಸಿದವರು ಮೂರನೇ ಒಂದು ಭಾಗ ಮಾತ್ರ. ಅವರೆಲ್ಲ ಇಮೇಲ್ ಬಳಸಿ ಪಳಗಿದವರು.

ಜನವರಿಯಲ್ಲಿ ಉತ್ತರ ಬಂತು. ಅದರ ಜೊತೆಗೆ ಸಂದರ್ಶನಗಳನ್ನು ನೋಡಿಕೊಳ್ಳುವ ಗಂಗಾವತಿಯ ಮೇಲ್ವಿಚಾರಕಿಯ ಕೀಲಿಯೂ ಬಂತು. ಇನ್ನು ಬರೆಯಬಹುದು ಎಂದುಕೊಂಡರೆ ಇಲ್ಲ, ಕೀಲಿ ನಿಜವಾಗಿ ಅವರದೇ ಎಂದು ಖಚಿತಪಡಿಸಿಕೊಳ್ಳಬೇಕಂತೆ. ಈ ಹಂತವನ್ನು ದಾಟಿಸಿಬಿಡುವವರೇ ಹೆಚ್ಚು, ಆದರೆ ಇಡೀ ವ್ಯವಸ್ಥೆ ನಿಂತಿರುವುದು ಇದರ ಮೇಲೆ. ಯಾರು ಬೇಕಾದರೂ ಯಾರ ಹೆಸರಿನಲ್ಲಾದರೂ ಕೀಲಿ ಸೃಷ್ಟಿಸಬಹುದು, ಹೆಸರನ್ನು ಯಾರೂ ಪರಿಶೀಲಿಸುವುದಿಲ್ಲ. ಕಳ್ಳ ಕೀಲಿಗೆ ನೀವು ಬೀಗ ಹಾಕಿ ಕಳಿಸಿದರೆ ಕಳ್ಳನಿಗೇ ಭದ್ರವಾಗಿ ತಲುಪುತ್ತದೆ. ಅದಕ್ಕಾಗಿ ಕೀಲಿಯ ಫಿಂಗರ್‌ಪ್ರಿಂಟ್ ಎಂಬ 40 ಅಕ್ಷರ-ಅಂಕಿಗಳ ಸಾಲನ್ನು ಫೋನಿನಲ್ಲಿ ಓದಿ ಹೊಂದಿಸಬೇಕು.

ಅದು ಗವಿಮಠದ ಜಾತ್ರೆಯ ಸಮಯ. ಊರಿಗೆ ಊರೇ ತುಂಬಿ ನೆಟ್‌ವರ್ಕ್ ಕೈಕೊಟ್ಟಿತ್ತು. ಆಕೆ ಓದುತ್ತಾರೆ, ನಾನು ಗೀಟು ಹಾಕುತ್ತೇನೆ, ನಡುವೆ ಕರೆ ಕಡಿಯುತ್ತದೆ.

“ಅಕ್ಕಾ, ನೀವು ಹೇಳಿದ್ದು ಬಿ ಏನು, ಡಿ ಏನು?”

“ಡಿ, ಡಿ. ದೇವದುರ್ಗದ ಡಿ.”

ಅಲ್ಲಿಂದ ದಾರಿ ಸಿಕ್ಕಿತು. ಆ ಸಾಲಿನಲ್ಲಿ ಬರುವುದು ಅಂಕಿಗಳು ಮತ್ತು ಎ-ಯಿಂದ ಎಫ್-ವರೆಗಿನ ಆರೇ ಅಕ್ಷರಗಳು. ಆನೆಗೊಂದಿ, ಬಳ್ಳಾರಿ, ಚಿತ್ರದುರ್ಗ, ದೇವದುರ್ಗ, ಫರಹತಾಬಾದ್. ಇ-ಗೆ ಊರು ಹೊಳೆಯಲಿಲ್ಲ. ಹಿಂದಿನಿಂದ ಅವರ ಮಗ “ಎಗ್ ರೈಸ್” ಎಂದು ಕೂಗಿದ. ಅದೇ ನಿಂತಿತು. ಬಳ್ಳಾರಿ ನಾಲ್ಕು ಎಗ್ ರೈಸ್ ಒಂಬತ್ತು ಎಂದು ಇಬ್ಬರು ನಡುವಯಸ್ಸಿನ ಹೆಂಗಸರು ಗಂಭೀರವಾಗಿ ಓದಿಕೊಳ್ಳುವುದನ್ನು ಕೇಳಿದವರು ಏನೆಂದುಕೊಂಡರೋ. ಜರ್ಮನಿಯವರೊಂದಿಗೆ ವಿಡಿಯೊ ಕರೆಯಲ್ಲಿ ಮುಗಿಸಿದೆ. ಅಲ್ಲಿಗೂ ನಮಗೂ ಚಳಿಗಾಲದಲ್ಲಿ ನಾಲ್ಕೂವರೆ ಗಂಟೆಯ ಅಂತರ, ಅವರ ಬೆಳಗಿನ ಕಚೇರಿ ವೇಳೆ ನಮ್ಮ ಮಧ್ಯಾಹ್ನಕ್ಕೆ ಸರಿಹೋಗುತ್ತದೆ. ಒಂದು ಕಿವಿಮಾತು: ಫಿಂಗರ್‌ಪ್ರಿಂಟನ್ನು ಕೀಲಿ ಬಂದ ಇಮೇಲ್‌ನಲ್ಲೇ ನೋಡಿ ಹೊಂದಿಸಬೇಡಿ. ಕೀಲಿ ಬದಲಿಸಿದವನು ಅದನ್ನೂ ಬದಲಿಸಿರುತ್ತಾನೆ.

ಮೊದಲ ಕಡತ ಹೋಯಿತು: ನನ್ನ ಅನುವಾದ, ಜೊತೆಗೆ ಕನ್ನಡ ಮೂಲ. ಮರುದಿನ ಉತ್ತರ. ಅನುವಾದ ಸರಿಯಿದೆ, ಮೂಲ ಮಾತ್ರ ಬಿಚ್ಚಿಕೊಂಡಿಲ್ಲ, ಅರ್ಥವಿಲ್ಲದ ಚಿಹ್ನೆಗಳು ಕಾಣುತ್ತಿವೆ, ಹೊಸ ಕೀಲಿ ಮಾಡೋಣವೇ? ಮತ್ತೆ ಆನೆಗೊಂದಿಯಿಂದ ಶುರುವೇ ಎಂದು ಕಾಲ ಕೆಳಗಿನ ನೆಲ ಕುಸಿದಂತಾಯಿತು. ಆಮೇಲೆ ಅವರು ಕಳಿಸಿದ ತೆರೆಚಿತ್ರ ನೋಡಿ ನಗು ಬಂತು. ಡಿಟಿಪಿ ಬಲ್ಲ ಯಾರಿಗಾದರೂ ಅದು ಪರಿಚಿತ ಮುಖ: ನುಡಿ ಎಂಬ ಕನ್ನಡ ಟೈಪಿಂಗ್ ತಂತ್ರಾಂಶದ ಹಳೆಯ, ಯೂನಿಕೋಡ್ ಅಲ್ಲದ ಫಾಂಟ್. ಫಾಂಟ್ ಇಲ್ಲದ ಯಂತ್ರದಲ್ಲಿ ಕನ್ನಡವೆಲ್ಲ ತಲೆಯ ಮೇಲೆ ಗೀಟು ಹೊತ್ತ ರೋಮನ್ ಅಕ್ಷರಗಳಾಗಿ ಕಾಣುತ್ತದೆ. ಗೂಢಲಿಪಿ ಹೀಗೆ ಅರ್ಧಂಬರ್ಧ ಬಿಚ್ಚಿಕೊಳ್ಳುವುದಿಲ್ಲ. ಕೀಲಿ ತಪ್ಪಾಗಿದ್ದರೆ ಕಡತವೇ ತೆರೆಯುತ್ತಿರಲಿಲ್ಲ. ಪರಿವರ್ತಿಸಿ ಕಳಿಸಿದೆ, ಅದೂ ನನ್ನ ಯಂತ್ರದಲ್ಲೇ. ಅಂತರ್ಜಾಲದ ಪರಿವರ್ತಕ ಪುಟಗಳಿಗೆ ಇಂಥ ಪಠ್ಯವನ್ನು ಅಂಟಿಸಿದರೆ ಇಷ್ಟೆಲ್ಲ ಬೀಗ ಹಾಕಿದ್ದು ನೀರಿನಲ್ಲಿ ಹೋಮ. ಗೂಗಲ್ ಅನುವಾದಕ್ಕೂ ಇದೇ ಮಾತು.

ಆದರೆ ಆ ಫಾಂಟ್ ಒಂದು ಪ್ರಶ್ನೆ ಎಬ್ಬಿಸಿತು. ಇದನ್ನು ಟೈಪ್ ಮಾಡಿದವರು ಯಾರು? ಗಂಗಾವತಿಗೆ ಬಸ್ ಹತ್ತಿದೆ. ಮೇಲ್ವಿಚಾರಕಿ ಕರೆದೊಯ್ದದ್ದು ಬಸ್ ನಿಲ್ದಾಣದ ಹತ್ತಿರದ ಡಿಟಿಪಿ ಅಂಗಡಿಗೆ. ಅಲ್ಲಿನ ಕಂಪ್ಯೂಟರಿನ ಪರದೆಯ ಮೇಲೆ ಮದುವೆ ಆಮಂತ್ರಣ, ಗೃಹಪ್ರವೇಶದ ಬ್ಯಾನರ್, ಅವೆರಡರ ನಡುವೆ “ಸಾಲ ಸಂದರ್ಶನ” ಎಂಬ ಫೋಲ್ಡರ್. ತೆರೆದರೆ ಒಂದೊಂದು ಕಡತಕ್ಕೂ ಆಯಾ ಹೆಂಗಸಿನ ಹೆಸರು, ಊರು. ಜೆರಾಕ್ಸ್‌ಗೆ ಬಂದ ಮೂವರು ನಮ್ಮ ಬೆನ್ನ ಹಿಂದೆ ನಿಂತಿದ್ದರು. ಹುಡುಗನ ತಪ್ಪಿಲ್ಲ, ಅಳಿಸು ಎಂದು ಅವನಿಗೆ ಯಾರೂ ಹೇಳಿರಲಿಲ್ಲ. ನಮ್ಮ ಮುಂದೆ ಅಳಿಸಿದ, ರೀಸೈಕಲ್ ಬಿನ್ ಕೂಡ ಖಾಲಿ ಮಾಡಿದ. ನಾವು ಪೆನ್‌ಡ್ರೈವ್‌ಗೆ ಬೀಗ ಹಾಕಿಕೊಂಡು ದೂರದೇಶದ ಗೂಢಚಾರರಿಂದ ಕಾಪಾಡುತ್ತಿದ್ದ ಮಾತುಗಳು ಇಲ್ಲಿ ಫ್ಯಾನಿನ ಗಾಳಿಗೆ ಬಿದ್ದಿದ್ದವು. ಅಂದಿನಿಂದ ಮೇಲ್ವಿಚಾರಕಿಯೇ ತಮ್ಮ ಮನೆಯ ಕಂಪ್ಯೂಟರಿನಲ್ಲಿ ಟೈಪ್ ಮಾಡುತ್ತಾರೆ.

ಎರಡನೇ ಪೆಟ್ಟು ಹೊರಗಿನಿಂದ ಬಂತು. ತಂಡದ ಒಬ್ಬರು ಪ್ರಯಾಣದಲ್ಲಿದ್ದಾಗ ನನ್ನ ಪತ್ರಕ್ಕೆ ಬೇರೆ ತಂತ್ರಾಂಶದಿಂದ ಉತ್ತರಿಸಿದರು, “ಧನ್ಯವಾದ” ಎಂಬ ಒಂದೇ ಪದ, ಗೂಢಲಿಪಿ ಇಲ್ಲದೆ. ಅದರ ಕೆಳಗೆ ನನ್ನ ಪೂರ್ತಿ ಪತ್ರ ಉಲ್ಲೇಖವಾಗಿ ಅಂಟಿಕೊಂಡು ಬಂದಿತ್ತು, ಒಬ್ಬಾಕೆಯ ಊರಿನ ಹೆಸರಿನೊಂದಿಗೆ. ಸಿಟ್ಟಿನಿಂದ ಕೈ ನಡುಗಿತು. ನನ್ನ ಕಡೆಯಿಂದ ಎಷ್ಟೇ ಬಿಗಿ ಮಾಡಿದರೂ ಗುಟ್ಟು ನಿಲ್ಲುವುದು ಎದುರಿಗಿರುವವರ ಅಭ್ಯಾಸದ ಮೇಲೆ. ಅವರು ಕ್ಷಮೆ ಕೇಳಿದರು, ಹೋದದ್ದು ಹೋಯಿತು.

ಇದರ ನಂತರ ನಾನೇ ಒತ್ತಾಯಿಸಿ ಒಂದು ಪದ್ಧತಿ ತಂದೆ, ಈ ಎಲ್ಲ ತಂತ್ರಜ್ಞಾನಕ್ಕಿಂತ ಹೆಚ್ಚು ಕೆಲಸಕ್ಕೆ ಬಂದದ್ದು ಅದೇ. ಕಡತದಲ್ಲಿ ಹೆಸರೇ ಇರುವುದಿಲ್ಲ. ಹೆಂಗಸರಿಗೆ ಸಂಖ್ಯೆ, ಊರಿಗೆ ಅಕ್ಷರ. ಯಾವ ಸಂಖ್ಯೆ ಯಾರದು ಎಂಬ ಪಟ್ಟಿ ಒಂದು ನೋಟ್‌ಬುಕ್‌ನಲ್ಲಿ, ಮೇಲ್ವಿಚಾರಕಿಯ ಗಾಡ್ರೇಜ್ ಬೀರುವಿನಲ್ಲಿ. ಅದು ಯಾವ ಕಂಪ್ಯೂಟರನ್ನೂ ಕಂಡಿಲ್ಲ.

ಓಪನ್‌ಪಿಜಿಪಿ ಏನನ್ನು ಮುಚ್ಚುವುದಿಲ್ಲ ಎಂಬುದನ್ನೂ ಇಲ್ಲೇ ಹೇಳಿಬಿಡುತ್ತೇನೆ. ಯಾರಿಂದ ಯಾರಿಗೆ, ಯಾವಾಗ, ಎಷ್ಟು ದೊಡ್ಡ ಪತ್ರ ಎಂಬುದು ನಡುವಿನ ಸರ್ವರ್‌ಗಳಿಗೆ ಕಾಣುತ್ತದೆ. ಗುಡಿಯ ಮುಂದೆ ಕುಳಿತವರ ಮಾತು ನೆನಪಿರಲಿ. ವಿಷಯದ ಸಾಲನ್ನು ಥಂಡರ್‌ಬರ್ಡ್ ತಾನಾಗಿ ಮುಚ್ಚಿ ಹೊರಗೆ ಮೂರು ಚುಕ್ಕಿ ಮಾತ್ರ ತೋರಿಸುತ್ತದೆ, ಆದರೆ ಎಲ್ಲ ತಂತ್ರಾಂಶಗಳೂ ಹಾಗೆ ಮಾಡುವುದಿಲ್ಲ. ಹಾಗಾಗಿ ಅಲ್ಲಿ “ಕಡತ” ಎಂದಷ್ಟೇ ಬರೆಯುತ್ತೇನೆ. ಲಗತ್ತನ್ನು ತೆರೆದು ಉಳಿಸಿಕೊಂಡರೆ ಅದು ನಿಮ್ಮ ಡಿಸ್ಕ್‌ನಲ್ಲಿ ಬಿಚ್ಚಿದ ರೂಪದಲ್ಲೇ ಉಳಿಯುತ್ತದೆ. ಖಾಸಗಿ ಕೀಲಿ ಮತ್ತು ಪಾಸ್‌ವರ್ಡ್ ನಾಳೆ ಯಾರದೋ ಕೈಗೆ ಸಿಕ್ಕರೆ, ಅವರು ಮೊದಲೇ ಕೂಡಿಟ್ಟುಕೊಂಡ ಹಳೆಯ ಪತ್ರಗಳೂ ತೆರೆಯುತ್ತವೆ. ಸಿಗ್ನಲ್‌ನಂಥ ಆ್ಯಪ್‌ಗಳು ಕೀಲಿಯನ್ನು ಮತ್ತೆ ಮತ್ತೆ ಬದಲಿಸುತ್ತಾ ಹೋಗುವುದರಿಂದ ಈ ವಿಷಯದಲ್ಲಿ ಮುಂದಿವೆ. 2018ರಲ್ಲಿ ಇಫೇಲ್ ಎಂಬ ದೋಷ ಬಯಲಾದಾಗ, ಬಿಡಿಸಿದ ಪಠ್ಯವನ್ನು ವೆಬ್ ಪುಟದಂತೆ ರೂಪಿಸಿದ (ಎಚ್‌ಟಿಎಂಎಲ್) ಪತ್ರದ ಚಿತ್ರದ ಕೊಂಡಿಯ ಮೂಲಕ ಹೊರಗೆ ಸಾಗಿಸಬಹುದೆಂದು ತಿಳಿಯಿತು. ತಂತ್ರಾಂಶಗಳು ಅದನ್ನು ಸರಿಪಡಿಸಿಕೊಂಡಿವೆ. ಆದರೂ ನಾನು ಪತ್ರಗಳನ್ನು ಸರಳ ಪಠ್ಯವಾಗಿ ಮಾತ್ರ ನೋಡುತ್ತೇನೆ.

ಫೋನಿನಲ್ಲೂ ಇದೆಲ್ಲ ಸಾಧ್ಯ, ಆಂಡ್ರಾಯ್ಡ್‌ಗೆ ಓಪನ್‌ಕೀಚೈನ್ ಎಂಬ ಆ್ಯಪ್ ಇದೆ. ಮೇಲ್ವಿಚಾರಕಿ ಕೇಳಿದಾಗ ಬೇಡ ಎಂದೆ. ಆ ಫೋನು ಸಂಜೆಯಾದರೆ ಮಗನ ಕೈಯಲ್ಲಿರುತ್ತದೆ.

ಖರ್ಚು ಕೇಳುವವರಿಗೆ: ತಂತ್ರಾಂಶಕ್ಕೆ ಒಂದು ರೂಪಾಯಿಯೂ ಇಲ್ಲ. ಸ್ಟಾಂಪ್, ನೋಟರಿ, ಲಿನಕ್ಸ್ ಹಾಕಿದ ಹುಡುಗ, ಪೆನ್‌ಡ್ರೈವ್‌ಗಳು, ಗಂಗಾವತಿಯ ಬಸ್ಸು ಎಲ್ಲ ಸೇರಿ ಎರಡು ಸಾವಿರದೊಳಗೆ ಆಯಿತು. ಸಮಯ ಮಾತ್ರ ಲೆಕ್ಕಕ್ಕೆ ಸಿಗಲಿಲ್ಲ. ಒಂದು ಅನನುಕೂಲ ಈಗಲೂ ಕಾಡುತ್ತದೆ: ಜಿಮೇಲ್ ಪುಟದಲ್ಲಿ ಹಳೆಯ ಪತ್ರದ ಒಳಗಿನ ಪದವನ್ನು ಹುಡುಕಲಾಗುವುದಿಲ್ಲ. ಕಡತದ ಸಂಖ್ಯೆ, ದಿನಾಂಕಗಳನ್ನು ಪಕ್ಕದಲ್ಲಿ ಬರೆದಿಡುತ್ತೇನೆ.

ವರ್ಷಕ್ಕೊಮ್ಮೆ ಲೆಕ್ಕಪರಿಶೋಧಕರಿಗೆ ಬ್ಯಾಂಕ್ ಪಟ್ಟಿ ಕಳಿಸುವವರು, ಆಸ್ಪತ್ರೆಯ ವರದಿಯನ್ನು ತಮ್ಮನಿಗೆ ಕಳಿಸುವವರು ಇಷ್ಟು ದೂರ ಬರಬೇಕಿಲ್ಲ. ಕಡತಗಳನ್ನು ಒಂದು ಕಟ್ಟಾಗಿ ಮಾಡುವ 7-ಜಿಪ್ ತಂತ್ರಾಂಶದಲ್ಲಿ 7ಜೆಡ್ ಮಾದರಿ ಆರಿಸಿ, ಉದ್ದನೆಯ ಪಾಸ್‌ವರ್ಡ್ ಕೊಟ್ಟು, ಕಡತಗಳ ಹೆಸರನ್ನೂ ಗೂಢಲಿಪೀಕರಿಸುವ ಗುರುತು ಹಾಕಿ ಲಗತ್ತಿಸಿ. ಪಾಸ್‌ವರ್ಡನ್ನು ಅದೇ ಇಮೇಲ್‌ನಲ್ಲಿ ಬರೆಯದೆ ಫೋನ್ ಮಾಡಿ ಹೇಳಿ. ಹುಟ್ಟಿದ ದಿನಾಂಕ, ಪ್ಯಾನ್ ಸಂಖ್ಯೆ ಪಾಸ್‌ವರ್ಡ್ ಆಗಬಾರದು; ಅವು ಆ ಕಡತ ತಲುಪುವ ಮೊದಲೇ ಹತ್ತು ಕಚೇರಿಗಳಲ್ಲಿ ಬಿದ್ದಿರುತ್ತವೆ.